ಜಿಮ್ನಿಗೆ ಏನು ಹಾಕಿಸಿದೆ, ಏನು ಬಿಟ್ಟೆ

ಮಾರುತಿ ಸುಜುಕಿಯ ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿ ಮನೆಗೆ ಬಂದ ವಾರದಲ್ಲೇ ಸಲಹೆಗಳೂ ಬಂದವು: ಎರಡಿಂಚು ಎತ್ತರಿಸಿ, ಸ್ನಾರ್ಕೆಲ್ (ನೀರು ದಾಟುವಾಗ ಎಂಜಿನ್‌ಗೆ ಮೇಲಿಂದ ಗಾಳಿ ಕೊಡುವ ಕೊಳವೆ) ಹಾಕಿಸಿ, ಮುಂದೆ ಕಬ್ಬಿಣದ ಬಂಪರ್, ಮೇಲೆ ಸಾಲು ದೀಪ. ಒಂದು ಮಳೆಗಾಲ ಪೂರ್ತಿ ನಾನು ಯಾವುದನ್ನೂ ಹಾಕಿಸಲಿಲ್ಲ. ಸಕಲೇಶಪುರದ ಆಚೆ ನಮ್ಮ ತೋಟಕ್ಕೆ ಹೋಗುವ ಮಣ್ಣುದಾರಿಯಲ್ಲಿ ಗಾಡಿ ಎಲ್ಲಿ ಸೋಲುತ್ತದೋ ಅಲ್ಲಿಗೆ ಮಾತ್ರ ದುಡ್ಡು ಎಂದು ನಿರ್ಧರಿಸಿದ್ದೆ.

ಸೋತದ್ದು ಟೈರು. ಕಂಪನಿ ಕೊಟ್ಟ 195/80 ಆರ್15 ಟೈರು ಡಾಂಬರಿಗೆ ಹೇಳಿ ಮಾಡಿಸಿದ್ದು. ಜುಲೈ ಮಳೆಯಲ್ಲಿ ತೋಟದ ಏರು ಹತ್ತುವಾಗ ಅದರ ಅಚ್ಚಿನ ಸಂದುಗಳಿಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಎಣ್ಣೆ ಸವರಿದ ಕಾವಲಿಯಂತೆ ನುಣ್ಣಗಾಗುತ್ತಿತ್ತು. 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು) ಹಾಕಿದರೂ ಚಕ್ರಗಳು ನಿಂತಲ್ಲೇ ತಿರುಗುತ್ತಿದ್ದವು. "ಗಾಳಿ ಸ್ವಲ್ಪ ಇಳಿಸಿ ನೋಡಿ ಸಾರ್, ಹಳೇ ಜೀಪಿಗೂ ಹಾಗೇ ಮಾಡುತ್ತಿದ್ದೆವು" ಎಂದರು ಮೇಸ್ತ್ರಿ. 18 ಪಿಎಸ್‌ಐಗೆ ಇಳಿಸಿದೆ. ಟೈರಿನ ಪಕ್ಕೆಗಳು ಉಬ್ಬಿ, ಅಡಿ ಅಗಲವಾಗಿ ನೆಲ ಕಚ್ಚಿತು. ಅದೇ ಏರನ್ನು ಗಾಡಿ ಉಸಿರು ಕಟ್ಟದೆ ಹತ್ತಿತು.

ಹಾಗಾಗಿ ಮೊದಲು ಕೊಂಡದ್ದು ಒಳ್ಳೆಯ ಗಾಳಿಮಾಪಕ ಮತ್ತು ಬ್ಯಾಟರಿಗೆ ಸಿಕ್ಕಿಸುವ ಕಂಪ್ರೆಸರ್. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಕಾದು ಹಾಳಾಗುತ್ತದೆ.

ಆಮೇಲೆ 215/75 ಆರ್15 ಅಳತೆಯ ಆಲ್ ಟೆರೇನ್ ಟೈರು, ಅಂದರೆ ಡಾಂಬರಿಗೂ ಮಣ್ಣಿಗೂ ಆಗುವಂಥದ್ದು. ದಪ್ಪ ಅಚ್ಚಿನ ಮಡ್ ಟೆರೇನ್ ಟೈರು ಕೆಸರಿಗೆ ಇನ್ನೂ ಚೆನ್ನ, ಒಪ್ಪುತ್ತೇನೆ. ಆದರೆ ನನ್ನ ಓಡಾಟದ ಬಹುಪಾಲು ಬೆಂಗಳೂರು ಹೆದ್ದಾರಿಯಲ್ಲಿ. ಅದರ ಗುಂಯ್ ಸದ್ದನ್ನು ಹಾಸನದವರೆಗೆ ಕೇಳುವ ತಾಳ್ಮೆ ನನಗಿಲ್ಲ.

ಎತ್ತರಿಸುವ ವಿಚಾರದಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಜಿಮ್ನಿಯ ಎರಡೂ ಆಕ್ಸಲ್‌ಗಳು, ಅಂದರೆ ಎಡಬಲದ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆಗಳು, ಇಡಿಯಾದವು. ಸ್ಪ್ರಿಂಗ್ ಬದಲಿಸಿದರೆ ಮೇಲೇಳುವುದು ಬಾಡಿ. ಆಕ್ಸಲ್ ನಡುವೆ ಜೋತಿರುವ, ನೆಲಕ್ಕೆ ಬಡಿಯುವ ಡಿಫರೆನ್ಷಿಯಲ್ (ಚಕ್ರಗಳಿಗೆ ಬಲ ಹಂಚುವ ಗೇರುಗಳ ಗೂಡು) ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಲು ದೊಡ್ಡ ಟೈರೇ ಬೇಕು. ನನ್ನ ಹೊಸ ಟೈರಿನ ವ್ಯಾಸ ಹಳೆಯದಕ್ಕಿಂತ 10 ಮಿಲಿಮೀಟರ್ ಹೆಚ್ಚು, ಅದರ ಅರ್ಧವಷ್ಟೇ ಎತ್ತರಕ್ಕೆ ಸೇರುತ್ತದೆ; ಅಂದರೆ ನೆಲದಿಂದ ಕಂಪನಿ ಕೊಟ್ಟ 210 ಮಿಲಿಮೀಟರ್ ಅಂತರಕ್ಕೆ ಸಿಕ್ಕಿದ್ದು ಬರೀ ಐದು. ಇನ್ನು ಬರೀ ಸ್ಪ್ರಿಂಗ್ ಎತ್ತರಿಸಿ ಕ್ಯಾಸ್ಟರ್ ಕೋನ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ಸರಿಪಡಿಸದೆ ಬಿಟ್ಟರೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲು ಸೋಮಾರಿಯಾಗುತ್ತದೆ.

ಕಬ್ಬಿಣದ ಬಂಪರ್ ಮಾತಿಗೇ ಬರುವುದಿಲ್ಲ. ಗಾಡಿಯ ಮುಂದೆ ಹಾಕಿಸುವ ಇಂಥ ಬುಲ್ ಬಾರ್‌ಗಳನ್ನು ತೆಗೆಸುವಂತೆ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಸ್ನಾರ್ಕೆಲ್ ಕೂಡ ಬೇಡವೆಂದೆ; ನಮ್ಮ ಹಳ್ಳದಲ್ಲಿ ನೀರು ಮೊಣಕಾಲು ದಾಟಿದರೆ ನಾನು ಗಾಡಿಯನ್ನು ಇಳಿಸುವುದೇ ಇಲ್ಲ. ಸಾಲು ದೀಪ ಹೊತ್ತಿಸಿಕೊಂಡು ಚಾರ್ಮಾಡಿ ಘಾಟಿಯ ಮಂಜಿಗೆ ಹೋದರೆ ಕಣ್ಣೆದುರು ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ಅಷ್ಟೇ.

ಹಗ್ಗಕ್ಕೆ ಮಾತ್ರ ಜಿಪುಣತನ ಮಾಡಲಿಲ್ಲ. ಸುಮಾರು 1200 ಕಿಲೋ ತೂಗುವ ಗಾಡಿ ಕೆಸರಿನಲ್ಲಿ ಹೂತರೆ ಎಳೆಯಲು ಬೇಕಾಗುವ ಬಲ ಅದರ ತೂಕಕ್ಕಿಂತ ಎಷ್ಟೋ ಹೆಚ್ಚಾಗಬಹುದು. ಭಾರಮಿತಿ ಅಚ್ಚಾಗಿರುವ ಹಿಗ್ಗುವ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸುವ ಎರಡು ಸಾಫ್ಟ್ ಶ್ಯಾಕಲ್ (ಹಗ್ಗದ ಕೊಂಡಿ) ಸೀಟಿನ ಹಿಂದಿವೆ.

ಮಳೆ ಬಿಟ್ಟ ಮೇಲೆ ಟಾರ್ಚ್ ಹಿಡಿದು ಗಾಡಿಯಡಿ ಮಲಗಿ ನೋಡಿದೆ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಕೆಳ ಬ್ರಾಕೆಟ್‌ಗಳ ಬಣ್ಣ ಕಿತ್ತು ಲೋಹ ಕಾಣುತ್ತಿತ್ತು. ಮುಂದಿನ ಖರ್ಚು ಅಲ್ಲಿಗೆ.