ಲಿವರ್ ಕೋಶಗಳಿಗೆ ಸ್ಟ್ರೆಸ್ ಹಾರ್ಮೋನ್: ಮೊದಲು ಮೀಡಿಯಂ ನೋಡಿಕೊಳ್ಳಿ

ಇಲಿಯ ಲಿವರ್‌ನಿಂದ ಬೇರ್ಪಡಿಸಿದ ಕೋಶಗಳಿಗೆ ಡೆಕ್ಸಾಮೆಥಾಸೋನ್ (ಸ್ಟ್ರೆಸ್ ಹಾರ್ಮೋನ್ ಕಾರ್ಟಿಸಾಲ್‌ನಂತೆ ಕೆಲಸ ಮಾಡುವ ಕೃತಕ ಔಷಧ) ಹಾಕಿ, ಪ್ರೋಟೀನ್ ತಯಾರಿಕೆ ಹೆಚ್ಚುತ್ತದೆಯೇ ಎಂದು ತಿಳಿಯಲು ಲಿವರ್ ತಯಾರಿಸುವ ಪ್ರೋಟೀನ್ ಆಲ್ಬುಮಿನ್ ಅಳೆದರೆ ಕೆಲವೊಮ್ಮೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ನಾನು ಮೊದಲು ಅನುಮಾನಿಸುವುದು ಮೀಡಿಯಂ ಅನ್ನು, ಅಂದರೆ ಕೋಶಗಳನ್ನು ಇಡುವ ಪೋಷಕ ದ್ರವವನ್ನು. ಅದಕ್ಕೆ ಬೆರೆಸುವ ಹೆಪಟೊಸೈಟ್ (ಲಿವರ್ ಕೋಶ) ಸಪ್ಲಿಮೆಂಟ್‌ಗಳಲ್ಲಿ ಸಾಮಾನ್ಯವಾಗಿ 100 ನ್ಯಾನೋಮೋಲಾರ್‌ನಷ್ಟು ಡೆಕ್ಸಾಮೆಥಾಸೋನ್ ಬೆರೆತೇ ಬರುತ್ತದೆ, ಮೀಡಿಯಂಗೆ ಹಾಕುವ ಸೀರಮ್‌ನಲ್ಲೂ (ರಕ್ತದ ದ್ರವಭಾಗ) ಕಾರ್ಟಿಸಾಲ್ ಇರುತ್ತದೆ. ಹಾರ್ಮೋನ್ ಹಿಡಿಯುವ ಕೋಶದ ಗ್ರಾಹಕಗಳೆಲ್ಲ ಮೊದಲೇ ತುಂಬಿದ್ದರೆ ಇನ್ನಷ್ಟು ಹಾಕಿ ಪ್ರಯೋಜನವಿಲ್ಲ.

ಸತ್ತ ಕೋಶಗಳಿಗಷ್ಟೇ ಬಣ್ಣ ಹತ್ತಿಸುವ ಟ್ರಿಪಾನ್ ಬ್ಲೂನಲ್ಲಿ ಶೇ. 85ಕ್ಕಿಂತ ಹೆಚ್ಚು ಕೋಶಗಳು ಜೀವಂತ ಕಂಡರೆ ಮಾತ್ರ ಮುಂದುವರಿಯುತ್ತೇನೆ. ಕೊಲಾಜೆನ್ ಲೇಪಿಸಿದ 24 ವೆಲ್ (ಗುಂಡಿ) ಪ್ಲೇಟ್‌ನಲ್ಲಿ ವೆಲ್ಲಿಗೆ 2.5 ಲಕ್ಷ ಕೋಶ. ಅಂಟಿಕೊಳ್ಳಲು 4 ಗಂಟೆ ಬಿಟ್ಟು, ಸೀರಮ್ಮೂ ಡೆಕ್ಸಾಮೆಥಾಸೋನೂ ಇಲ್ಲದ ಬೆಚ್ಚಗಿನ ಮೀಡಿಯಂನಿಂದ ಎರಡು ಸಲ ತೊಳೆದು, ಅದರಲ್ಲೇ ರಾತ್ರಿಯಿಡೀ ಇಡುತ್ತೇನೆ. ಇನ್ಸುಲಿನ್ ಮಾತ್ರ ಎಲ್ಲ ವೆಲ್‌ಗಳಲ್ಲೂ ಒಂದೇ ಪ್ರಮಾಣದಲ್ಲಿರಬೇಕು, ಏಕೆಂದರೆ ಅದೂ ಪ್ರೋಟೀನ್ ತಯಾರಿಕೆ ಹೆಚ್ಚಿಸುತ್ತದೆ.

3.92 ಮಿಲಿಗ್ರಾಂ ಡೆಕ್ಸಾಮೆಥಾಸೋನ್ 1 ಮಿಲಿಲೀಟರ್ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್. ಅದನ್ನು ಡಿಎಂಎಸ್‌ಒದಲ್ಲೇ 100 ಪಟ್ಟು ತೆಳುಮಾಡಿ, ಮಿಲಿಲೀಟರ್ ಮೀಡಿಯಂಗೆ 1 ಮೈಕ್ರೋಲೀಟರ್ ಹಾಕಿದರೆ 100 ನ್ಯಾನೋಮೋಲಾರ್ ಸಿಗುತ್ತದೆ. 0, 1, 10, 100 ನ್ಯಾನೋಮೋಲಾರ್ ಹೀಗೆ ಸಾಲು ಮಾಡಿ, ಪ್ರತಿ ವೆಲ್‌ಗೂ ಡಿಎಂಎಸ್‌ಒ ಶೇ. 0.1 ಬರುವಂತೆ ನೋಡಿಕೊಳ್ಳುತ್ತೇನೆ. ಕಾರ್ಟಿಸಾಲ್ ಅನ್ನೇ ಬಳಸುವುದಾದರೆ ಕೋಶಗಳು ಅದನ್ನು ಬೇಗ ಒಡೆದುಹಾಕುತ್ತವೆ ಎಂಬುದು ನೆನಪಿರಲಿ.

24 ಗಂಟೆಯ ನಂತರ ಮೀಡಿಯಂನಲ್ಲಿ ಆಲ್ಬುಮಿನ್ ಎಲೈಸಾ (ಆಂಟಿಬಾಡಿ ಬಳಸಿ ಪ್ರಮಾಣ ಅಳೆಯುವ ಪರೀಕ್ಷೆ). ಎಡವುವುದು ಲೆಕ್ಕದಲ್ಲಿ. ಹಾರ್ಮೋನ್ ಇಲ್ಲದ ವೆಲ್‌ಗಳಲ್ಲಿ ಕೋಶಗಳು ಚಪ್ಪಟೆಯಾಗಿ, ಅಂಚು ಮಸುಕಾಗಿ, ಕೆಲವು ಕಿತ್ತು ತೇಲುತ್ತವೆ. ಆಗ ಡೆಕ್ಸಾಮೆಥಾಸೋನ್ ವೆಲ್‌ನಲ್ಲಿ ಕಾಣುವ ಹೆಚ್ಚಳ ತಯಾರಿಕೆಯದೋ, ಹೆಚ್ಚು ಕೋಶ ಉಳಿದದ್ದರದೋ? ಒಟ್ಟು ಪ್ರೋಟೀನಿನಿಂದ ಭಾಗಿಸಿದರೆ ಉತ್ತರ ಸಿಗದು, ಅದನ್ನೂ ಹಾರ್ಮೋನ್ ಬದಲಿಸುತ್ತದೆ. ನಾನು ಡಿಎನ್‌ಎಯಿಂದ ಭಾಗಿಸುತ್ತೇನೆ, ಅದು ಉಳಿದ ಕೋಶಗಳ ಸಂಖ್ಯೆ ತೋರಿಸುತ್ತದೆ.

ಸ್ರವಿಸಿದ್ದು ಬೇರೆ, ತಯಾರಾದದ್ದು ಬೇರೆ. ಹೊಸ ತಯಾರಿಕೆ ನೋಡಲು ಪ್ರತ್ಯೇಕ ವೆಲ್‌ಗಳಿಗೆ ಕೊನೆಯ 10 ನಿಮಿಷ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಪ್ಯೂರೋಮೈಸಿನ್ (ತಯಾರಾಗುತ್ತಿರುವ ಪ್ರೋಟೀನಿಗೆ ಸೇರಿಕೊಳ್ಳುವ ಔಷಧ) ಕೊಟ್ಟು, ಪ್ಯೂರೋಮೈಸಿನ್ ಆಂಟಿಬಾಡಿಯಿಂದ ಬ್ಲಾಟ್ (ಪ್ರೋಟೀನ್‌ಗಳನ್ನು ಪಟ್ಟಿಗಳಾಗಿ ತೋರಿಸುವ ಪರೀಕ್ಷೆ) ಮಾಡುತ್ತೇನೆ. ಪ್ರೋಟೀನ್ ತಯಾರಿಕೆ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಮೊದಲೇ ಕೊಟ್ಟ ಲೇನ್‌ನಲ್ಲಿ ಪಟ್ಟಿ ಬಹುತೇಕ ಮಾಯವಾಗಬೇಕು, ಇಲ್ಲದಿದ್ದರೆ ಆ ಬ್ಲಾಟ್ ನಂಬುವುದಿಲ್ಲ. ಪರಿಣಾಮ ಗ್ಲೂಕೊಕಾರ್ಟಿಕಾಯ್ಡ್ ಗ್ರಾಹಕದ (ಕಾರ್ಟಿಸಾಲ್, ಡೆಕ್ಸಾಮೆಥಾಸೋನ್ ಹಿಡಿಯುವ ಗ್ರಾಹಕ) ಮೂಲಕವೇ ಆಗಿದ್ದರೆ, ಆ ಗ್ರಾಹಕವನ್ನು ಅಡ್ಡಗಟ್ಟುವ ಮಿಫೆಪ್ರಿಸ್ಟೋನ್ 1 ಮೈಕ್ರೋಮೋಲಾರ್ ಹಾಕಿದರೆ ಅದು ನಿಲ್ಲಬೇಕು. ಮಿಫೆಪ್ರಿಸ್ಟೋನ್ ಒಂದನ್ನೇ ಹಾಕಿದ ವೆಲ್ಲೂ ಇರಲಿ, ಅದಕ್ಕೂ ಅಲ್ಪಸ್ವಲ್ಪ ಪ್ರಚೋದಕ ಗುಣವಿದೆ.

ಇನ್ನೊಂದು ಸ್ಟ್ರೆಸ್ ಹಾರ್ಮೋನ್ ಅಡ್ರಿನಲಿನ್ ಬಳಸುವುದಾದರೆ, ಅದು ಮೀಡಿಯಂನಲ್ಲಿ ಆಮ್ಲಜನಕ ತಗುಲಿ ಬೇಗ ಕೆಡುತ್ತದೆ. ಆಗಿಂದಾಗ್ಗೆ ಕರಗಿಸಿ, ಆಸ್ಕಾರ್ಬಿಕ್ ಆಮ್ಲದೊಂದಿಗೆ ಹಾಕುತ್ತೇನೆ. ದ್ರಾವಣ ನಸುಗೆಂಪಾಗಿದ್ದರೆ ಚೆಲ್ಲಿ ಹೊಸದು ಮಾಡಿಕೊಳ್ಳಿ.