ಡೊಂಬಿವಲಿ ಮನೆ ಮಾರೋಕೆ ಹನ್ನೊಂದು ತಿಂಗಳು ಹಿಡೀತು

ಅಪ್ಪ ತೀರಿಕೊಂಡ ಮೇಲೆ ಅಮ್ಮನ್ನ ಮುಂಬೈ ಹತ್ರದ ಥಾಣೆಗೆ ನಮ್ಮ ಜೊತೆ ಕರ್ಕೊಂಡು ಬಂದ್ವಿ, ಅದೇ ಕಡೆಯ ಡೊಂಬಿವಲಿ ಈಸ್ಟಿನ ಒನ್ ಬಿಎಚ್‌ಕೆ ಖಾಲಿ ಬಿತ್ತು. 2023ರ ಫೆಬ್ರವರಿಲಿ ಬ್ರೋಕರ್‌ಗಳಿಗೆ ಹೇಳಿದ್ವಿ, ಪೂರ್ತಿ ದುಡ್ಡು ಕೈಗೆ ಬಂದಿದ್ದು 2024ರ ಜನವರಿಲಿ. ಅಷ್ಟು ತಿಂಗಳು ಎಲ್ಲಿ ಹೋಯ್ತು ಅಂತ ಆಮೇಲೆ ಡೈರಿ ಇಟ್ಕೊಂಡು ಲೆಕ್ಕ ಹಾಕಿದೆ, ನಮ್ಮ ಊರ ಕಡೆಯವರು ಸುಮಾರು ಜನ ಇಲ್ಲಿ ಹಳೆ ಫ್ಲ್ಯಾಟ್ ಮಾರೋ ಯೋಚನೇಲಿದ್ದಾರೆ, ಅವರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ನನ್ನ ತಲೇಲಿ ಕೂತಿದ್ದು ಪಕ್ಕದ ವಿಂಗ್‌ನವರ ಮನೆ. ಅದು 2020ರ ನವೆಂಬರಲ್ಲಿ ಮೂರೇ ವಾರಕ್ಕೆ ಹೋಗಿತ್ತು. ಆದ್ರೆ ಆ ವರ್ಷ ಮಹಾರಾಷ್ಟ್ರ ಸರ್ಕಾರ ಸೆಪ್ಟೆಂಬರಿಂದ ಡಿಸೆಂಬರ್ ತನಕ ಸ್ಟಾಂಪ್ ಡ್ಯೂಟಿ (ಮನೆ ತಗೊಳ್ಳೋರು ಸರ್ಕಾರಕ್ಕೆ ಕಟ್ಟೋ ತೆರಿಗೆ) 3 ಪರ್ಸೆಂಟ್ ಇಳಿಸಿತ್ತು, ತಗೊಳ್ಳೋರು ಡಿಸೆಂಬರ್ 31ರ ಒಳಗೆ ಮುಗಿಸ್ಬೇಕು ಅಂತ ಓಡ್ತಿದ್ರು. 2023ರಲ್ಲಿ ಅಂಥ ಅವಸರ ಯಾರಿಗಿತ್ತು?

ರೇಟ್ ನಾನು ಆನ್‌ಲೈನ್ ಜಾಹೀರಾತು ನೋಡಿ 58 ಲಕ್ಷ ಅಂತ ಇಟ್ಟೆ. ಬೇಗ ಆಗ್ಲಿ ಅಂತ ಐದು ಬ್ರೋಕರ್‌ಗಳಿಗೆ ಕೊಟ್ಟೆ, ಅವರು ಒಬ್ಬೊಬ್ರು ಒಂದೊಂದು ರೇಟ್ ಹಾಕಿದ್ರು, ಒಂದೇ ಮನೆ 56ಕ್ಕೂ ಇದೆ 60ಕ್ಕೂ ಇದೆ, ನೋಡಿದವರಿಗೆ ಏನೋ ಗೋಲ್‌ಮಾಲ್ ಅನ್ಸೋದು ಸಹಜ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ವಯಸ್ಸಾದವರು ಎರಡನೇ ಮಹಡಿಯಿಂದಲೇ ವಾಪಸ್. ಗುಡಿ ಪಾಡ್ವಾ (ಇಲ್ಲಿನ ಯುಗಾದಿ) ಕಳೀತು, ಏಪ್ರಿಲ್ ಕಳೀತು, ಒಂದು ಸರಿಯಾದ ಆಫರ್ ಇಲ್ಲ. ಕೊನೆಗೆ ಆಫೀಸಲ್ಲಿ ಒಬ್ರು ಹೇಳಿದ್ರು, ಕೇಳೋ ರೇಟ್ ಬೇರೆ ಆಗೋ ರೇಟ್ ಬೇರೆ, ರಿಜಿಸ್ಟ್ರೇಶನ್ ಇಲಾಖೆ ವೆಬ್‌ಸೈಟಲ್ಲಿ ಇಂಡೆಕ್ಸ್ ಟೂ, ಅಂದ್ರೆ ರಿಜಿಸ್ಟರ್ ಆದ ವ್ಯವಹಾರದ ವಿವರ, ತೆಗೆದು ನೋಡಿ ಅಂತ. ನಮ್ಮ ಗಲ್ಲಿಯಲ್ಲಿ ನಿಜವಾಗಿ ಎಷ್ಟಕ್ಕೆ ರಿಜಿಸ್ಟರ್ ಆಗಿದೆ ಅಂತ ಆವತ್ತು ರಾತ್ರಿ ನೋಡಿದಾಗ ಗೊತ್ತಾಯ್ತು ನಾನು ಐದಾರು ಲಕ್ಷ ಮೇಲೆ ಕೂತಿದೀನಿ ಅಂತ. ಮೂರು ತಿಂಗಳು ಅಲ್ಲೇ ಹೋಗಿತ್ತು.

ಒಬ್ಬನೇ ಬ್ರೋಕರ್ ಇಟ್ಕೊಂಡು ರೇಟ್ ಇಳಿಸಿದೆ, ಮೇ ತಿಂಗಳಲ್ಲಿ 53ಕ್ಕೆ ಟೋಕನ್ (ಮುಂಗಡ) ಬಂತು. ತಗೊಳ್ಳೋನು ಒಳ್ಳೆ ಹುಡುಗ, ಮದುವೆ ಆಗಿ ವರ್ಷ ಆಗಿತ್ತು. ಆದ್ರೆ ಮನೆಗೆ ಬೆಲೆ ಕಟ್ಟೋ ಬ್ಯಾಂಕಿನ ವ್ಯಾಲ್ಯೂವರ್ ಬಂದು ಹಳೆ ಬಿಲ್ಡಿಂಗ್ ಅಂತ 46 ಲಕ್ಷ ಅಷ್ಟೇ ಬರೆದ. ಸಾಲ ಕೊಡೋದು ಆ ವ್ಯಾಲ್ಯುಯೇಶನ್ ಮೇಲೆ 80 ಪರ್ಸೆಂಟ್, ಅಂದ್ರೆ 36.8 ಲಕ್ಷ. ಆ ಹುಡುಗ ಲೆಕ್ಕ ಹಾಕಿದ್ದು 53ರ ಮೇಲೆ, 42.4. ಐದೂವರೆ ಲಕ್ಷಕ್ಕಿಂತ ಜಾಸ್ತಿ ಕಡಿಮೆ ಬಿತ್ತು, ಅದರ ಮೇಲೆ ಸ್ಟಾಂಪ್ ಡ್ಯೂಟಿ ಬೇರೆ ಕೈಯಿಂದಲೇ ಹಾಕ್ಬೇಕು. ಜೂನ್ ಕೊನೇಲಿ ಟೋಕನ್ ವಾಪಸ್ ಕೊಟ್ವಿ, ಅವನಿಗೂ ಬೇಜಾರು ನಮಗೂ ಬೇಜಾರು.

ಆ ಡೀಲ್ ನಡೀತಿರುವಾಗಲೇ ಅವನ ವಕೀಲರು ಕೇಳಿದ ಕಾಗದಗಳಲ್ಲಿ ನಮ್ಮ ಹತ್ರ ಅರ್ಧ ಇರ್ಲಿಲ್ಲ. ಅಪ್ಪ ಸೊಸೈಟಿಲಿ (ಬಿಲ್ಡಿಂಗಿನ ಫ್ಲ್ಯಾಟಿನವರ ಸಂಘ) ಅಮ್ಮನ್ನ ನಾಮಿನಿ ಮಾಡಿದ್ರು, ಶೇರ್ ಸರ್ಟಿಫಿಕೇಟ್ ಅಮ್ಮನ ಹೆಸರಿಗೆ ಬಂದ್ರೆ ಮುಗೀತು ಅಂದ್ಕೊಂಡಿದ್ವಿ. ನಾಮಿನಿ ಅಂದ್ರೆ ಮಾಲೀಕ ಅಲ್ಲ, ವಾರಸುದಾರರ ಪರವಾಗಿ ನೋಡಿಕೊಳ್ಳೋರು ಅಷ್ಟೇ, ಹಾಗಾಗಿ ನಾನೂ ಅಕ್ಕನೂ ನಮ್ಮ ಪಾಲು ಅಮ್ಮನಿಗೆ ಬಿಟ್ಟು ರಿಲೀಸ್ ಡೀಡ್ ರಿಜಿಸ್ಟರ್ ಮಾಡಿಸ್ಬೇಕಾಯ್ತು, ಅಕ್ಕ ಮಣಿಪಾಲದಿಂದ ಬರೋಕೆ ರಜೆ ಸಿಕ್ಕಿದ್ದೇ ಜುಲೈ ಕೊನೆಗೆ. ಇನ್ನೊಂದು, ಅಪ್ಪ ಈ ಮನೆ ತಗೊಂಡಿದ್ದು ಬಿಲ್ಡರ್ ಹತ್ರ ಅಲ್ಲ, ಮೊದಲ ಮಾಲೀಕರ ಹತ್ರ. ಅವರ ಬಿಲ್ಡರ್ ಅಗ್ರಿಮೆಂಟಿನ ಒರಿಜಿನಲ್ ಎಲ್ಲೂ ಸಿಗ್ಲಿಲ್ಲ, ಬ್ಯಾಂಕಿಗೆ ಚೈನ್, ಅಂದ್ರೆ ಮೊದಲಿಂದ ಇಲ್ಲಿ ತನಕದ ಅಗ್ರಿಮೆಂಟ್‌ಗಳೆಲ್ಲ, ಪೂರ್ತಿ ಬೇಕು. ಪೊಲೀಸ್ ಕಂಪ್ಲೇಂಟ್, ಪೇಪರಲ್ಲಿ ಪಬ್ಲಿಕ್ ನೋಟಿಸ್, ಸಬ್ ರಿಜಿಸ್ಟ್ರಾರ್ ಆಫೀಸಿಂದ ಸರ್ಟಿಫೈಡ್ ಕಾಪಿ, ಆಗಸ್ಟ್ ಪೂರ್ತಿ ಅದರಲ್ಲೇ ಹೋಯ್ತು. ಇದೆಲ್ಲ ಜನವರಿಲೇ ಮಾಡಿಡಬಹುದಿತ್ತು, ನನಗೆ ಈಗಲೂ ಅದೇ ಚುಚ್ಚೋದು.

ಮಳೆಗಾಲದಲ್ಲಿ ಟಾಪ್ ಫ್ಲೋರ್ ಮನೆ ತೋರಿಸೋದು ದೊಡ್ಡ ಕಷ್ಟ. ಹಾಲ್ ಸೀಲಿಂಗಲ್ಲಿ ಲೀಕೇಜ್ ಕಲೆ, ಬಂದವರ ಕಣ್ಣು ಮೊದಲು ಅಲ್ಲಿಗೇ. ಟೆರೇಸ್ ರಿಪೇರಿ ಸೊಸೈಟಿದು, ಗಣಪತಿ ಆದ್ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿದ್ರು. ಅಷ್ಟರಲ್ಲಿ ಪಿತೃಪಕ್ಷ, ಆ ಹದಿನೈದು ದಿನ ಇಲ್ಲಿ ಯಾರೂ ಟೋಕನ್ ಕೊಡಲ್ಲ, ನಾವು ಪೇಂಟ್ ಮಾಡಿಸಿಕೊಂಡ್ವಿ.

ದಸರಾ ದಿನ, ಅಕ್ಟೋಬರ್ 24ಕ್ಕೆ, 51.5 ಲಕ್ಷಕ್ಕೆ ಟೋಕನ್ ಬಂತು. ಈ ಸಲ ಮೊದಲೇ ಕೇಳಿದೆ, ಸಾಲ ಎಷ್ಟು, ಕೈಲಿ ಎಷ್ಟಿದೆ, ವ್ಯಾಲ್ಯುಯೇಶನ್ ಕಮ್ಮಿ ಬಂದ್ರೆ ಹೆಂಗೆ ಅಂತ. ತಗೊಳ್ಳೋರು ಬದ್ಲಾಪುರದ ತಮ್ಮ ಮನೆ ಮಾರಿದ್ರು, 30 ಲಕ್ಷ ಸಾಲ ಸಾಕಿತ್ತು. ಹೆಂಗಸರ ಹೆಸರಿಗೆ ಮಾತ್ರ ತಗೊಂಡ್ರೆ ಸ್ಟಾಂಪ್ ಡ್ಯೂಟಿ 1 ಪರ್ಸೆಂಟ್ ಕಡಿಮೆ ಅಂತ ಹೆಂಡತಿ ಹೆಸರಲ್ಲೇ ತಗೊಂಡ್ರು. 50 ಲಕ್ಷ ದಾಟಿದ್ರಿಂದ 1 ಪರ್ಸೆಂಟ್ ಟಿಡಿಎಸ್ (ಮೊದಲೇ ಹಿಡಿಯೋ ಆದಾಯ ತೆರಿಗೆ), 51,500 ರೂಪಾಯಿ ನಮಗೆ ಕೊಡೋದ್ರಲ್ಲಿ ಹಿಡಿದು ಅಮ್ಮನ ಪ್ಯಾನ್ ಮೇಲೆ ಕಟ್ಟಿದ್ರು. ಕಾಗದ ಎಲ್ಲ ಫೈಲಲ್ಲಿ ರೆಡಿ ಇದ್ರೂ ಸೊಸೈಟಿ ಎನ್ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಲೋನ್ ಸ್ಯಾಂಕ್ಷನ್ ಅಂತ ಡಿಸೆಂಬರ್ ಮಧ್ಯಕ್ಕೆ ರಿಜಿಸ್ಟ್ರೇಶನ್ ಆಯ್ತು, ಬ್ಯಾಂಕಿನ ಡಿಡಿ ಜನವರಿಲಿ ಬಂತು, ಅದು ಕೈಗೆ ಬಂದ ದಿನವೇ ಬೀಗದ ಕೈ ಕೊಟ್ವಿ.

ಈಗ ಚಿಕ್ಕಮ್ಮನ ಮುಲುಂಡ್ ಮನೆ ಮಾರೋದಿದೆ. ಬ್ರೋಕರ್‌ಗೆ ಇನ್ನೂ ಹೇಳಿಲ್ಲ. ಹೋದ ಭಾನುವಾರ ಕಪಾಟು ತೆಗೆದು ಅಗ್ರಿಮೆಂಟ್ ಚೈನ್ ಜೋಡಿಸಿದ್ವಿ, ಒಂದು ಕಾಗದದಲ್ಲಿ ಚಿಕ್ಕಪ್ಪನ ಹೆಸರಿನ ಸ್ಪೆಲ್ಲಿಂಗ್ ಬೇರೆ ಇದೆ, ಮೊದಲು ಅದನ್ನ ಸರಿ ಮಾಡಿಸ್ತಿದೀವಿ.