ಮನೆಕೆಲಸದ ಅಕ್ಕನ ಸಂಬಳಕ್ಕೆ ಚರ್ಚ್‌ನ ಸಾಮಾಜಿಕ ಬೋಧನೆ ಹಚ್ಚೋದು ಹೇಗೆ

ಕಥೋಲಿಕ ಸಭೆಯ ಸಾಮಾಜಿಕ ಬೋಧನೆ, ಅಂದ್ರೆ ಕೆಲಸ, ಕೂಲಿ, ಸಮಾಜದ ನ್ಯಾಯದ ಬಗ್ಗೆ ಚರ್ಚ್ ಹೇಳೋದು, ಅದೇನೋ ಪಾದ್ರಿ ಆಗೋರು ಸೆಮಿನರಿಯಲ್ಲಿ ಓದೋ ವಿಷಯ ಅಂತ ನಮ್ಮಲ್ಲಿ ತುಂಬಾ ಜನ ಅಂದ್ಕೊಂಡಿದ್ದಾರೆ, ಇನ್ನು ಕೆಲವರು ಎಲೆಕ್ಷನ್ ಬಂದಾಗ ಮಾತ್ರ ಅದನ್ನ ತಮ್ಮ ಪಕ್ಷದ ಕಡೆಗೆ ಎಳ್ಕೋತಾರೆ. ನನ್ ಪ್ರಕಾರ ಶುರು ಮಾಡ್ಬೇಕಾಗಿರೋದು ನಮ್ಮ ಅಡುಗೆಮನೆಯಿಂದ, ಅಲ್ಲಿ ಪಾತ್ರೆ ತೊಳೆಯೋ ಅಕ್ಕನಿಗೆ ನಾವೆಷ್ಟು ಕೊಡ್ತಿದ್ದೀವಿ ಅನ್ನೋದ್ರಿಂದ.

ವಿಧಾನ ಹೊಸದಲ್ಲ. ಬೆಲ್ಜಿಯಂನ ಫಾದರ್ ಜೋಸೆಫ್ ಕಾರ್ಡೈನ್ ಫ್ಯಾಕ್ಟರಿ ಹುಡುಗ ಹುಡುಗಿಯರ ಜೊತೆ ಕೂತು ಕಟ್ಟಿದ್ದು: ನೋಡು, ವಿವೇಚಿಸು, ಕೆಲಸ ಮಾಡು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ಪರಿಪತ್ರ (ಪೋಪ್ ಸಭೆಗೆ ಬರೆಯೋ ಬೋಧನಾ ಪತ್ರ) ‘ಮಾತೆರ್ ಎತ್ ಮಜಿಸ್ತ್ರಾ’ದಲ್ಲಿ ಇದನ್ನೇ ಎಲ್ರಿಗೂ ಶಿಫಾರಸು ಮಾಡಿದ್ರು. ಮನೆಯವರಷ್ಟೇ ಕೂತು ಮಾಡ್ಬಹುದು, ಕಿರು ಕ್ರೈಸ್ತ ಸಮುದಾಯದ, ಅಂದ್ರೆ ಅಕ್ಕಪಕ್ಕದ ಕ್ರೈಸ್ತ ಕುಟುಂಬಗಳು ಸೇರೋ ಗುಂಪಿನ, ಮೀಟಿಂಗಲ್ಲಿ ಮಾಡಿದ್ರೆ ಇನ್ನೂ ಒಳ್ಳೇದು.

ಮೊದಲು ನೋಡೋದು. ದಯವಿಟ್ಟು ಇದಕ್ಕೆ ಜಾಸ್ತಿ ಟೈಮ್ ಕೊಡಿ, ಯಾಕಂದ್ರೆ ನಾವು ಸಾಮಾನ್ಯವಾಗಿ ಸೀದಾ ಶುಭಸಂದೇಶ ಓದಿ, ಮನಸ್ಸು ಕರಗಿಸ್ಕೊಂಡು, ಪ್ರಾರ್ಥನೆ ಮಾಡಿ ಎದ್ದು ಹೋಗ್ತೀವಿ, ಅಷ್ಟರಲ್ಲಿ ನಿಜವಾದ ಲೆಕ್ಕ ಯಾರೂ ಕೇಳಿರಲ್ಲ. ಒಂದು ಹಾಳೆ ತಗೊಂಡು ಬರೀರಿ: ಅವರು ಎಷ್ಟು ಮನೆ ಮಾಡ್ತಾರೆ, ಮನೆಯಿಂದ ಎಷ್ಟೊತ್ತಿಗೆ ಹೊರಡ್ತಾರೆ, ನಮ್ಮನೇಲಿ ದಿನಕ್ಕೆ ಎಷ್ಟು ಗಂಟೆ, ವಾರಕ್ಕೊಂದು ರಜೆ ಇದ್ಯಾ, ಜ್ವರ ಬಂದ ದಿನ ಸಂಬಳ ಹಿಡಿದ್ವಾ, ಕೊನೇ ಸಲ ಸಂಬಳ ಜಾಸ್ತಿ ಮಾಡಿದ್ದು ಯಾವಾಗ, ಬಾಡಿಗೆ, ರೇಷನ್ನು, ಮಕ್ಕಳ ಫೀಸು, ಚೀಟಿ, ಬಡ್ಡಿ ಎಲ್ಲಾ ಸೇರಿ ತಿಂಗಳಿಗೆ ಎಷ್ಟಾಗುತ್ತೆ. ಇದನ್ನ ಅವರನ್ನೇ ಕೇಳ್ಬೇಕು, ಊಹೆ ಮಾಡ್ಬಾರ್ದು, ಆದ್ರೆ ಹೇಳೋಕೆ ಇಷ್ಟ ಇಲ್ಲ ಅಂದ್ರೆ ಒತ್ತಾಯ ಬೇಡ. ಆಮೇಲೆ ದುಡ್ಡಿನ ವಿಷಯ ಬಿಟ್ಟು ಬೇರೆಯದನ್ನೂ ನೋಡಿ. ಅವರು ಕುಡಿಯೋ ಲೋಟ ಬೇರೆನಾ? ಲಿಫ್ಟ್ ಬೇರೆನಾ? ಅಷ್ಟು ಹೊತ್ತು ಕೆಲಸ ಮಾಡೋರಿಗೆ ನಮ್ಮ ಟಾಯ್ಲೆಟ್ ಬಳಸೋಕೆ ಬಿಡ್ತೀವಾ? ಅಸ್ಪೃಶ್ಯತೆ ನಮ್ಮಲ್ಲಿಲ್ಲ ಅಂತ ಹೇಳೋ ಕ್ರೈಸ್ತರ ಮನೆಗಳಲ್ಲೂ ಇದನ್ನ ಕೇಳ್ಲೇಬೇಕು.

ಎರಡನೇದು ವಿವೇಚನೆ. ‘ಅವ್ರೇ ಒಪ್ಕೊಂಡು ಬಂದಿರೋದು, ನಾವೇನು ಬಲವಂತ ಮಾಡಿದ್ವಾ’ ಅನ್ನೋ ಮಾತು ಮೀಟಿಂಗಲ್ಲಿ ಖಂಡಿತ ಬರುತ್ತೆ. ಇದಕ್ಕೆ 1891ರಲ್ಲೇ ಪೋಪ್ 13ನೇ ಲಿಯೋ ‘ರೇರುಮ್ ನೊವಾರುಮ್’ನಲ್ಲಿ ಉತ್ತರ ಕೊಟ್ಟಿದ್ದಾರೆ: ಬೇರೆ ದಾರಿ ಇಲ್ಲದೆ, ಇನ್ನೂ ಕೆಟ್ಟದ್ದಾಗುತ್ತೆ ಅನ್ನೋ ಭಯಕ್ಕೆ ಕೆಲಸಗಾರ ಕಮ್ಮಿ ಕೂಲಿಗೆ ಒಪ್ಕೊಂಡ್ರೆ ಅದು ಅವನ ಮೇಲೆ ನಡೆದ ಅನ್ಯಾಯನೇ, ಒಪ್ಪಂದ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಅದು ನ್ಯಾಯ ಆಗಲ್ಲ. ಒಂದು ಆರ್ಥಿಕ ವ್ಯವಸ್ಥೆ ನ್ಯಾಯವಾಗಿದ್ಯಾ ಅಂತ ತಿಳ್ಕೊಳೋಕೆ ಅಲ್ಲಿ ಕೊಡೋ ಕೂಲಿ ನೋಡಿ ಅಂತ 1981ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬರೆದ್ರು, ಆ ಕೂಲಿಯಲ್ಲಿ ಸಂಸಾರ ನಡೀಬೇಕು, ನಾಳೆಗೂ ಸ್ವಲ್ಪ ಉಳೀಬೇಕು. ಹಾಗಾಗಿ ‘ಪಕ್ಕದ ಮನೇಲಿ ಎಷ್ಟು ಕೊಡ್ತಾರೆ’ ಅನ್ನೋದು ನಮ್ಮ ಅಳತೆ ಆಗೋಕಾಗಲ್ಲ. ಕ್ರಿಸ್ಮಸ್‌ಗೆ ಸೀರೆ, ಕೇಕು ಕೊಡೋದು ಒಳ್ಳೇದೇ, ಆದ್ರೆ ನ್ಯಾಯವಾಗಿ ಸಲ್ಲಬೇಕಾದ್ದನ್ನ ದಾನ ಅಂತ ಕೊಡ್ಬೇಡಿ ಅಂತ ಜಗತ್ತಿನ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನೊಂದು ತತ್ವ 1931ರ ಪರಿಪತ್ರದ್ದು, ಪೋಪ್ 11ನೇ ಪಿಯುಸ್ ಹೇಳಿದ್ದು. ಚಿಕ್ಕ ಗುಂಪು ತಾನೇ ಮಾಡೋಕಾಗೋದನ್ನ ದೊಡ್ಡದು ಕಿತ್ಕೊಬಾರ್ದು, ದೊಡ್ಡದು ಇರೋದು ಚಿಕ್ಕದಕ್ಕೆ ಕೈಜೋಡಿಸೋಕೆ. ಹೀಗಾಗಿ ‘ಎಲ್ಲಾ ಸರ್ಕಾರ ನೋಡ್ಕೊಳ್ಲಿ’ ಅನ್ನೋದೂ ತಪ್ಪು, ‘ಸರ್ಕಾರ ಮಧ್ಯೆ ಬರೋದೇ ಬೇಡ’ ಅನ್ನೋದೂ ತಪ್ಪು. ಯಾವ ಪಕ್ಷಕ್ಕೂ ಇದು ಪೂರ್ತಿ ಹಿತ ಅನ್ಸಲ್ಲ, ಅದಕ್ಕೇ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಈಗ ಕೆಲಸ. ಮನೆ ಮಟ್ಟದಲ್ಲಿ: ವಾರದ ರಜೆ, ಸಂಬಳ ಹಿಡಿಯದೆ ಕಾಯಿಲೆ ರಜೆ, ವರ್ಷವರ್ಷ ಸಂಬಳ ಏರಿಕೆ, ಇದನ್ನೆಲ್ಲಾ ಒಂದು ಹಾಳೇಲಿ ಬರೆದು ಇಬ್ಬರೂ ಒಂದೊಂದು ಕಾಪಿ ಇಟ್ಕೊಳ್ಳಿ. ಕರ್ನಾಟಕದಲ್ಲಿ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ್ರು, ಈಗಿನ ದರ ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ನೋಡಿ, ತುಟ್ಟಿಭತ್ಯೆ ಸೇರಿಸಿ ಲೆಕ್ಕ ಹಾಕಿ, ಅದು ಕಾನೂನಿನ ಕನಿಷ್ಠ ಅಷ್ಟೇ, ಅಲ್ಲಿಗೇ ನಿಲ್ಲಿಸ್ಬೇಡಿ. ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರ ಸರ್ಕಾರಿ ನೋಂದಣಿ ಕಾರ್ಡ್) ಇಲ್ದಿದ್ರೆ ಜೊತೆಗೆ ಕೂತು ಮಾಡಿಸ್ಕೊಡಿ.

ಅಪಾರ್ಟ್‌ಮೆಂಟ್ ಮಟ್ಟದಲ್ಲಿ: ಬೇರೆ ಲಿಫ್ಟ್ ನಿಯಮ ತೆಗೀಬೇಕು, ಕೆಲಸದವರಿಗೆ ಕೂರೋಕೆ ಜಾಗ ಮತ್ತು ಟಾಯ್ಲೆಟ್ ಬೇಕು ಅಂತ ಅಸೋಸಿಯೇಷನ್ ಮೀಟಿಂಗಲ್ಲಿ ಎದ್ದು ಹೇಳಿ, ಹೇಳೋಕೆ ಮುಂಚೆ ಎರಡು ಮೂರು ಮನೆಯವರನ್ನ ಒಪ್ಪಿಸ್ಕೊಂಡಿರಿ, ಒಬ್ರೇ ಎದ್ರೆ ಸುಮ್ನೆ ಕೂರಿಸ್ಬಿಡ್ತಾರೆ. ಅವರು ಸಂಘ ಸೇರಿದ್ರೆ ಅಡ್ಡಿ ಮಾಡ್ಬೇಡಿ, ಸಂಘ ಕಟ್ಟೋ ಹಕ್ಕನ್ನ ಲಿಯೋ ಅವರೇ ಎತ್ತಿ ಹಿಡಿದಿದ್ದಾರೆ. ಮುಂಬೈಯಲ್ಲಿ ಸಿಸ್ಟರ್ ಜೀನ್ ಡೆವೊಸ್ ಅನ್ನೋ ಬೆಲ್ಜಿಯಂನ ಕನ್ಯಾಸ್ತ್ರೀ 1985ರಲ್ಲಿ ಶುರು ಮಾಡಿದ ರಾಷ್ಟ್ರೀಯ ಮನೆಕೆಲಸಗಾರರ ಆಂದೋಲನ ಇದೇ ದಾರಿಯದ್ದು. ಮತ್ತೆ ಇದು ಕ್ರೈಸ್ತ ಅಕ್ಕಂದಿರಿಗೆ ಮಾತ್ರ ಅಂತ ಮಾಡ್ಬೇಡಿ, ಹಾಗೆ ಮಾಡಿದ್ರೆ ಬೋಧನೆಯ ಬುಡಕ್ಕೇ ಪೆಟ್ಟು.

ರಾಜಕೀಯದಲ್ಲಿ: ವೋಟು ಕೇಳೋಕೆ ಬಂದವರನ್ನ ಒಂದು ಪ್ರಶ್ನೆ ಕೇಳಿ. ಮನೆಕೆಲಸಗಾರರ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದ, ಅಂದ್ರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) 189ನೇ ಒಪ್ಪಂದ, 2011ರಲ್ಲಿ ಪಾಸಾದಾಗ ಭಾರತ ಪರವಾಗಿ ವೋಟ್ ಹಾಕಿತ್ತು, ಆದ್ರೆ ಅನುಮೋದನೆ ಮಾಡಿಲ್ಲ, ನಿಮ್ಮ ನಿಲುವೇನು ಅಂತ. ಉತ್ತರ ಬರೆದಿಟ್ಕೊಂಡು ಮುಂದಿನ ಮೀಟಿಂಗಲ್ಲಿ ಓದಿ.

ಕೆಲವು ತಿಂಗಳಾದ್ಮೇಲೆ ಮೊದಲನೇ ಹಾಳೆ ತೆಗೆದು ಏನು ಬದಲಾಯ್ತು ಅಂತ ನೋಡ್ಲೇಬೇಕು. ಆ ಮೀಟಿಂಗಿಗೆ ಅಕ್ಕಂದಿರನ್ನೂ ಕರೀರಿ, ಅವರಿಗೆ ರಜೆ ಇರೋ ಹೊತ್ತು ನೋಡಿ ಟೈಮ್ ಇಟ್ಕೊಳ್ಳಿ, ಮೊದಲು ಅವರು ಮಾತಾಡ್ಲಿ. ನಮ್ಮೆದುರಿಗೆ ಹೇಳೋಕೆ ಹಿಂಜರಿದ್ರೆ ನಾವು ಆಚೆ ಹೋಗಿ, ಅವರಿಗೆ ನಂಬಿಕೆ ಇರೋ ಒಬ್ಬ ಸಿಸ್ಟರ್ ಕೂತು ಕೇಳಿ ಬರ್ಕೊಳ್ಳೋ ಹಾಗೆ ಮಾಡಿ.